ಎಚ್‌ಪಿ 3000: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನಲ್ಲಿ. ಮೊದಲ ದಿನ ನನ್ನ ಮುಂದೆ ಇಟ್ಟದ್ದು ಒಂದು ಕಪ್ಪು ಪರದೆ. ಅದರ ಎಡ ಮೂಲೆಯಲ್ಲಿ ಎರಡು ಚುಕ್ಕಿಯ ಒಂದು ಕೋಲನ್, ಅಷ್ಟೇ. ಮಷೀನು ಇದ್ದದ್ದು ಅಮೆರಿಕದಲ್ಲಿ, ಕೋಬಾಲ್ ಅನ್ನೋ ಹಳೇ ಭಾಷೆಯಲ್ಲಿ ಬರೆದ ಅದರ ಪ್ರೋಗ್ರಾಂಗಳನ್ನು ರಿಪೇರಿ ಮಾಡುತ್ತಿದ್ದವರು ಇಲ್ಲಿ ನಾವು. ಈಗ ಆಫೀಸಿನ ಹುಡುಗರು "ಸರ್, ನೀವು ಶುರು ಮಾಡಿದ್ದು ಯಾವುದರಲ್ಲಿ?" ಅಂತ ಕೇಳುತ್ತಾರೆ. ಎಚ್‌ಪಿ 3000 ಅಂದರೆ ಮುಖ ಮುಖ ನೋಡುತ್ತಾರೆ. ಅಲ್ಲಿಂದ ಶುರುವಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಎಚ್‌ಪಿ 3000 ಅಂದರೆ ಪ್ರಿಂಟರಾ?

ಅಲ್ಲ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1972ರಿಂದ 2003ರವರೆಗೆ ಮಾರಿದ ವ್ಯಾಪಾರದ ಕಂಪ್ಯೂಟರುಗಳ ಸಾಲು. ಸಂಬಳದ ಲೆಕ್ಕ, ಗೋದಾಮಿನ ಸ್ಟಾಕು, ಬಿಲ್ಲು, ಆರ್ಡರು, ಇಂಥ ಕೆಲಸಗಳಿಗೆ ಮಾಡಿದ್ದು. ಒಂದು ಮಷೀನು, ಅದಕ್ಕೆ ಹತ್ತಾರು ಅಥವಾ ನೂರಾರು ಟರ್ಮಿನಲ್ಲುಗಳು, ಅಂದರೆ ಬರೀ ಪರದೆ ಮತ್ತು ಕೀಲಿಮಣೆ. ಕೋಣೆ ತುಂಬುವ ದೊಡ್ಡ ಕಂಪ್ಯೂಟರಿನ ಹೆಸರಾದ ಮೇನ್‌ಫ್ರೇಮ್ ಅಂದರೆ ಎಚ್‌ಪಿಯವರಿಗೇ ಸರಿ ಬರುತ್ತಿರಲಿಲ್ಲ, ಅವರ ಲೆಕ್ಕದಲ್ಲಿ ಇದು ಮಿನಿ ಕಂಪ್ಯೂಟರ್. ಇದರಲ್ಲಿ ಓಡುತ್ತಿದ್ದ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ಎಂಪಿಇ, ಅಂದರೆ ಮಲ್ಟಿ ಪ್ರೋಗ್ರಾಮಿಂಗ್ ಎಕ್ಸಿಕ್ಯುಟಿವ್. ಮಷೀನು, ಎಂಪಿಇ, ಜೊತೆಗೆ ಇಮೇಜ್ ಅನ್ನೋ ಡೇಟಾಬೇಸು. ಈ ಮೂರೂ ಒಂದೇ ಮನೆಯಲ್ಲಿ ತಯಾರಾದವು. ಒಂದನ್ನು ಬಿಟ್ಟು ಇನ್ನೊಂದರ ಕಥೆ ಹೇಳಲಾಗದು.

ಮೊದಲ ಮಷೀನು ಪೂರ್ತಿ ಫೇಲ್ ಆಯಿತಂತೆ, ನಿಜವಾ?

ನಿಜ. ಕಥೆ ಅದಕ್ಕೂ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಎಚ್‌ಪಿ ಆಗ ಅಳತೆಯ ಉಪಕರಣ ಮಾಡುವ ಕಂಪನಿ. ಕಂಪ್ಯೂಟರಿಗೆ ಕೈಹಾಕಿದ್ದೂ ಆ ಉಪಕರಣಗಳನ್ನು ನಡೆಸಲಿಕ್ಕೆ. ಅಲ್ಲಿನ ಕೆಲವರು ಒಮೆಗಾ ಅನ್ನೋ 32 ಬಿಟ್ಟಿನ (ಬಿಟ್ಟು ಅಂದರೆ ಒಂದು 0 ಅಥವಾ 1) ದೊಡ್ಡ ಮಷೀನಿನ ಕನಸು ಕಂಡರು. ಖರ್ಚು ನೋಡಿ ಮೇಲಿನವರು ಹೆದರಿ ನಿಲ್ಲಿಸಿದರು. ಆ ದಿನ ಕೆಲವು ಎಂಜಿನಿಯರುಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದರಂತೆ. ಪಕ್ಕದಲ್ಲೇ ಆಲ್ಫಾ ಅನ್ನೋ 16 ಬಿಟ್ಟಿನ ಸಣ್ಣ ಪ್ರಾಜೆಕ್ಟು ನಡೆಯುತ್ತಿತ್ತು. ಒಮೆಗಾದ ಆಸೆಗಳನ್ನೆಲ್ಲ ತಂದು ಇದಕ್ಕೆ ತುರುಕಿದರು. ಅದೇ 3000.

ಮೊದಲ ಮಷೀನು 1972ರ ನವೆಂಬರಿನಲ್ಲಿ ಬರ್ಕ್ಲಿಯ ಲಾರೆನ್ಸ್ ಹಾಲ್ ಆಫ್ ಸೈನ್ಸ್‌ಗೆ ಹೋಯಿತು. ಹೇಳಿದ್ದು ಹತ್ತಾರು ಜನ ಒಟ್ಟಿಗೆ ಬಳಸಬಹುದು ಅಂತ. ನೋಡಿದರೆ ಒಂದಿಬ್ಬರು ಕೂತರೇ ಉಸಿರು ಬಿಡುತ್ತಿತ್ತು. ಎಂಪಿಇ ಮತ್ತೆ ಮತ್ತೆ ಕುಸಿಯುತ್ತಿತ್ತು. ಮೆಮೊರಿ ಅಂತೂ ಹೆಚ್ಚೆಂದರೆ 128 ಕೆಬಿ. ನಿಮ್ಮ ವಾಟ್ಸ್ಆ್ಯಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಚಿತ್ರ ಅದರಲ್ಲಿ ಹಿಡಿಸೋದು ಕಷ್ಟ. 1973ರಲ್ಲಿ ಎಚ್‌ಪಿ ಮಷೀನನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ತಯಾರಾಗದ ಮಾಲನ್ನು ಕಳಿಸಿದ್ದಕ್ಕೆ ಕಂಪನಿಯೊಳಗೆ ದೊಡ್ಡ ಗದ್ದಲ ಆಯಿತು.

ಮತ್ತೆ ಎದ್ದು ನಿಂತದ್ದು ಹೇಗೆ?

1974ರಲ್ಲಿ ಸರಿಪಡಿಸಿ ಮತ್ತೆ ತಂದರು. ಎಡ್ ಮೆಕ್ರಾಕನ್ ಈ ಸಾಲಿನ ಜವಾಬ್ದಾರಿ ಹೊತ್ತು, ವಿಜ್ಞಾನಿಗಳ ಕಡೆ ಇದ್ದ ಮಷೀನಿನ ಮುಖವನ್ನು ವ್ಯಾಪಾರಿಗಳ ಕಡೆ ತಿರುಗಿಸಿದರು. ಇವರೇ ಮುಂದೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಮುಖ್ಯಸ್ಥರಾದವರು. 1976ರಲ್ಲಿ ಸೀರೀಸ್ 2 ಬಂತು, ಮೆಮೊರಿ 512 ಕೆಬಿಗೆ ಏರಿತು. ಆದರೆ ನನ್ನ ಪ್ರಕಾರ ಮಷೀನನ್ನು ಎತ್ತಿ ನಿಲ್ಲಿಸಿದ್ದು ಮೆಮೊರಿಯೂ ಅಲ್ಲ, ಚಿಪ್ಪೂ ಅಲ್ಲ. ಇಮೇಜ್ ಡೇಟಾಬೇಸನ್ನು ಮಷೀನಿನ ಜೊತೆಗೇ, ಬೇರೆ ಕಾಸು ಕೇಳದೆ ಕೊಟ್ಟಿದ್ದು. ಆ ಕಾಲಕ್ಕೆ ಡೇಟಾಬೇಸು ಅಂದರೆ ದೊಡ್ಡ ದುಡ್ಡು ಕೊಟ್ಟು ಪ್ರತ್ಯೇಕ ಕೊಳ್ಳುವ ವಸ್ತು. ಇಲ್ಲಿ ಮಷೀನು ತಗೊಂಡವರಿಗೆಲ್ಲ ಅದು ಇದ್ದೇ ಇತ್ತು. ಹಾಗಾಗಿ ಸಾಫ್ಟ್‌ವೇರ್ ಬರೆಯುವವರು ಅದನ್ನೇ ನಂಬಿ ಬರೆದರು. ಸಾಫ್ಟ್‌ವೇರ್ ಬಂದ ಮೇಲೆ ಗಿರಾಕಿಗಳೂ ಬಂದರು.

ಇಮೇಜ್ ಅಂದರೆ ಏನು? ನಮ್ಮ ಎಸ್‌ಕ್ಯುಎಲ್ ಥರವಾ?

ಅಲ್ಲ. ಫ್ರೆಡ್ ವೈಟ್ ಮತ್ತು ಜಾನ್ ಬೇಲ್ ಇದನ್ನು ಬರೆದಾಗ, ಈಗ ಎಲ್ಲರೂ ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯುಎಲ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ನಾನು ಹುಡುಗರಿಗೆ ಕಿರಾಣಿ ಅಂಗಡಿಯ ಲೆಕ್ಕದಿಂದ ಹೇಳಿಕೊಡುತ್ತೇನೆ.

ಅಂಗಡಿಯಲ್ಲಿ ಎರಡು ಪುಸ್ತಕ ಇದೆ ಅಂದುಕೊಳ್ಳಿ. ಒಂದರಲ್ಲಿ ಪ್ರತಿ ಗಿರಾಕಿಗೂ ಒಂದೇ ಸಾಲು: ಹೆಸರು, ವಿಳಾಸ. ಇದು ಮಾಸ್ಟರ್. ಇನ್ನೊಂದರಲ್ಲಿ ದಿನದಿನದ ಸಾಲದ ಬರಹ: ಇವತ್ತು ಎರಡು ಕೇಜಿ ಅಕ್ಕಿ, ನಾಳೆ ಅರ್ಧ ಕೇಜಿ ಬೆಲ್ಲ. ಎಲ್ಲ ಗಿರಾಕಿಗಳದ್ದೂ ಕಲಸುಮೇಲೋಗರವಾಗಿ ಒಂದೇ ಪುಸ್ತಕದಲ್ಲಿ. ಇದು ಡೀಟೇಲ್. ಈಗ ನಿಂಗಪ್ಪನ ಲೆಕ್ಕ ಬೇಕು. ಇಡೀ ಪುಸ್ತಕ ತಿರುವಬೇಕಾ? ಬೇಡ. ಮಾಸ್ಟರಿನಲ್ಲಿ ನಿಂಗಪ್ಪನ ಸಾಲಿನ ಪಕ್ಕ ಮೂರು ಅಂಕಿ ಇರುತ್ತವೆ: ಒಟ್ಟು ಎಷ್ಟು ಬರಹ, ಮೊದಲನೆಯದು ಎಲ್ಲಿ, ಕೊನೆಯದು ಎಲ್ಲಿ. ಡೀಟೇಲ್ ಪುಸ್ತಕದ ಪ್ರತಿ ಸಾಲಿನಲ್ಲೂ ಅವನ ಹಿಂದಿನ ಬರಹ ಎಲ್ಲಿದೆ, ಮುಂದಿನದು ಎಲ್ಲಿದೆ ಅಂತ ಗುರುತು. ಒಂದನ್ನು ಹಿಡಿದರೆ ಸರಪಳಿ ಥರ ಎಲ್ಲ ಬರುತ್ತವೆ. ಅದಕ್ಕೆ ಚೈನ್ ಅಂತಲೇ ಹೆಸರು.

ಮಾಸ್ಟರಿನಲ್ಲಿ ನಿಂಗಪ್ಪನ ಸಾಲನ್ನು ಹುಡುಕೋದು ಹೇಗೆ? ಅದಕ್ಕೂ ಹುಡುಕಾಟ ಇಲ್ಲ. ಹೆಸರನ್ನೇ ಒಂದು ಲೆಕ್ಕಕ್ಕೆ ಹಾಕಿ, ಬರುವ ಅಂಕಿಯ ಜಾಗಕ್ಕೆ ನೇರ ಹೋಗೋದು. ಡಿಬಿಫೈಂಡ್ ಅಂದರೆ ಗಿರಾಕಿಯನ್ನು ಹಿಡಿ, ಡಿಬಿಗೆಟ್ ಅಂದರೆ ಬರಹ ಓದು, ಡಿಬಿಪುಟ್ ಅಂದರೆ ಹೊಸದು ಬರೆ. ಇಂಥ ಹತ್ತಿಪ್ಪತ್ತು ಕರೆಗಳಲ್ಲಿ ಇಡೀ ಫ್ಯಾಕ್ಟರಿ ನಡೆಯುತ್ತಿತ್ತು.

ಅದರಲ್ಲಿ ತೊಂದರೆ ಏನೂ ಇರಲಿಲ್ವಾ?

ಇಲ್ಲದೆ ಏನು. ಎರಡು ತೊಂದರೆ ಎಲ್ಲರಿಗೂ ಬಾಯಿಪಾಠ. ಒಂದು, ಬರೆಯುವಾಗ ನಡುವೆ ಕರೆಂಟು ಹೋದರೆ ಸರಪಳಿಯ ಕೊಂಡಿ ಕಳಚುತ್ತಿತ್ತು. ಬ್ರೋಕನ್ ಚೈನ್ ಅನ್ನೋ ಮಾತು ಕೇಳಿದರೆ ಹಳಬರು ಈಗಲೂ ಕುರ್ಚಿಯಲ್ಲಿ ಸರಿದು ಕೂರುತ್ತಾರೆ. ಎರಡು, ಮಾಸ್ಟರಿನ ಜಾಗ ತುಂಬಿದರೆ. ಹೆಸರಿನಿಂದ ಜಾಗ ಕಂಡುಹಿಡಿಯುವ ಲೆಕ್ಕ ಪುಸ್ತಕದ ಒಟ್ಟು ಗಾತ್ರದ ಮೇಲೆ ನಿಂತಿತ್ತು. ಗಾತ್ರ ಬದಲಾಯಿತು ಅಂದರೆ ಎಲ್ಲರ ಜಾಗವೂ ಬದಲು. ಆದ್ದರಿಂದ ಡೇಟಾವನ್ನೆಲ್ಲ ಟೇಪಿಗೆ ಇಳಿಸಿ, ಹೊಸ ಗಾತ್ರ ಮಾಡಿ, ಮತ್ತೆ ಏರಿಸಬೇಕು. ದೊಡ್ಡ ಡೇಟಾಬೇಸಾದರೆ ಶನಿವಾರ ಭಾನುವಾರ ಎರಡೂ ಹೋಯಿತು ಅಂತಲೇ ಅರ್ಥ.

ಈ ನೋವಿನ ಮೇಲೇ ಒಂದು ಕಂಪನಿ ಹುಟ್ಟಿತು. ಗ್ವಾಟೆಮಾಲಾದ ಆಲ್ಫ್ರೆಡೊ ರೇಗೊ ಅಡೇಜರ್ ಅನ್ನೋ ಪ್ರೋಗ್ರಾಂ ಬರೆದರು. ಎರಡು ದಿನದ ಕೆಲಸ ಕೆಲವು ಗಂಟೆಗೆ ಇಳಿಯಿತು. ಇಮೇಜ್ ಬರೆದ ಫ್ರೆಡ್ ವೈಟ್ ಅವರೇ ಎಚ್‌ಪಿ ಬಿಟ್ಟ ಮೇಲೆ ಅಡೇಜರ್ ಸೇರಿಕೊಂಡರು. ಬೀಗ ಮಾಡಿದವನೇ ಕೊನೆಗೆ ಕೀಲಿ ರಿಪೇರಿ ಅಂಗಡಿಗೆ ಬಂದಂತೆ.

ಅದರ ಮುಂದೆ ಕೂತು ಕೆಲಸ ಮಾಡೋದು ಹೇಗಿತ್ತು?

ಮೊದಲು ಹಲೋ ಹೇಳಬೇಕು. ತಮಾಷೆಯಲ್ಲ. ಲಾಗಿನ್ ಆಗುವ ಆಜ್ಞೆಯೇ ಹಲೋ. ಹಲೋ, ಆಮೇಲೆ ನಿಮ್ಮ ಹೆಸರು, ಒಂದು ಚುಕ್ಕಿ, ಅಕೌಂಟಿನ ಹೆಸರು. ಬೇರೆ ಏನಾದರೂ ಹೊಡೆದರೆ ಹಲೋ ಹೇಳು ಅಂತ ಬೈಯುತ್ತಿತ್ತು. ಆ ತಪ್ಪಿನ ನಂಬರು 1402, ಇವತ್ತಿಗೂ ಮರೆತಿಲ್ಲ. ಹೊರಡುವಾಗ ಬೈ. ಬೈ ಅಂದರೆ ನೀವು ಪ್ರೊಸೆಸರಿನ ಎಷ್ಟು ಸೆಕೆಂಡು ತಿಂದಿರಿ, ಎಷ್ಟು ನಿಮಿಷ ಕೂತಿದ್ದಿರಿ ಅಂತ ಲೆಕ್ಕ ತೋರಿಸಿ ಕಳಿಸುತ್ತಿತ್ತು. ಯಾರು ಯಾರು ಒಳಗಿದ್ದಾರೆ ನೋಡಲು ಶೋಜಾಬ್. ಫೈಲುಗಳನ್ನು ನೋಡಲು ಲಿಸ್ಟ್‌ಎಫ್. ರಾತ್ರಿ ಓಡಬೇಕಾದ ಕೆಲಸ ಬಿಡಲು ಸ್ಟ್ರೀಮ್. ಪಕ್ಕದವರಿಗೆ ಸಂದೇಶ ಕಳಿಸಲು ಟೆಲ್. "ಟೀಗೆ ಬರ್ತೀಯಾ?" ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದು ಕಳಿಸಿದ್ದು ಎಷ್ಟು ಸಲವೋ. ಒಮ್ಮೆ ಅದು ಅಮೆರಿಕದ ಕಡೆಯ ಆಪರೇಟರಿಗೆ ಹೋಗಿ, ಆತ ಇದು ಯಾವ ಎರರ್ ಮೆಸೇಜು ಅಂತ ಫೋನು ಮಾಡಿದ.

ಫೈಲಿನ ಹೆಸರೂ ಬೇರೆ ಥರ. ಫೋಲ್ಡರಿನೊಳಗೆ ಫೋಲ್ಡರು ಅನ್ನೋದು ಬಹಳ ವರ್ಷ ಇರಲೇ ಇಲ್ಲ. ಫೈಲು, ಗುಂಪು, ಅಕೌಂಟು, ಮೂರೇ ಮೆಟ್ಟಿಲು, ನಡುವೆ ಚುಕ್ಕಿ. ಪ್ರತಿ ಹೆಸರಿಗೂ ಎಂಟೇ ಅಕ್ಷರ. ಬಡತನ ಅನ್ನಿಸಬಹುದು, ಆದರೆ ಯಾವ ಫೈಲು ಎಲ್ಲಿದೆ ಅಂತ ತಲೆ ಕೆಡಿಸಿಕೊಂಡ ನೆನಪಿಲ್ಲ.

ಎಂಟರ್ ಬೇರೆ, ರಿಟರ್ನ್ ಬೇರೆ ಅಂತೀರಲ್ಲ, ಅದೇನು?

ಎಚ್‌ಪಿ ಟರ್ಮಿನಲ್ಲಿನ ಕೀಲಿಮಣೆಯಲ್ಲಿ ಅವು ಎರಡು ಬೇರೆ ಕೀಲಿಗಳು. ಪರದೆಯ ಮೇಲೆ ಒಂದು ಫಾರ್ಮು ಬರುತ್ತದೆ: ಗಿರಾಕಿ ನಂಬರು, ಮಾಲು, ಎಷ್ಟು. ಒಂದೊಂದೇ ಮನೆಗೆ ಟ್ಯಾಬ್ ಒತ್ತಿ ಹೋಗಿ ತುಂಬಬೇಕು. ತುಂಬುವ ತನಕ ಮಷೀನಿಗೆ ಏನೂ ಗೊತ್ತಾಗುವುದಿಲ್ಲ, ಎಲ್ಲ ಟರ್ಮಿನಲ್ಲಿನ ಒಳಗೇ ಇರುತ್ತದೆ. ಮುಗಿದ ಮೇಲೆ ಎಂಟರ್ ಒತ್ತಿದರೆ ಇಡೀ ಪರದೆ ಒಂದೇ ಸಲ ಹೋಗುತ್ತದೆ. ಬ್ಲಾಕ್ ಮೋಡ್ ಅನ್ನೋದು ಇದಕ್ಕೇ. ರಿಟರ್ನ್ ಒತ್ತಿದರೆ ಕರ್ಸರು ಕೆಳಗೆ ಜಿಗಿಯುತ್ತದೆ, ಅಷ್ಟೇ.

ಸೇರಿದ ವಾರ ನಾನು ಫಾರ್ಮು ತುಂಬಿ ರಿಟರ್ನ್ ಒತ್ತಿ ಒತ್ತಿ ಕೂತಿದ್ದೆ. ಮಷೀನು ಹ್ಯಾಂಗ್ ಆಗಿದೆ ಅಂತ ಮೇಲಿನವರಿಗೆ ಹೇಳಿಯೂ ಬಿಟ್ಟೆ. ಬಂದವರು ಏನೂ ಮಾತಾಡದೆ ನನ್ನ ಭುಜದ ಮೇಲಿಂದ ಕೈ ಚಾಚಿ ಬಲಗಡೆಯ ಎಂಟರ್ ಒತ್ತಿ ಹೋದರು. ಆ ನಗು ಇನ್ನೂ ಕಣ್ಣಮುಂದಿದೆ.

ಈಗಿನ ವೆಬ್ ಪುಟದಲ್ಲಿ ಫಾರ್ಮು ತುಂಬಿ ಸಬ್ಮಿಟ್ ಒತ್ತುತ್ತೀರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಮಷೀನನ್ನು ಪ್ರತಿ ಅಕ್ಷರಕ್ಕೂ ಎಬ್ಬಿಸಬೇಕಿಲ್ಲ. ಹಾಗಾಗಿ ಸಣ್ಣ ಮಷೀನು ಜಾಸ್ತಿ ಜನರನ್ನು ಸುಧಾರಿಸುತ್ತಿತ್ತು.

ಯಾರು ಬಳಸುತ್ತಿದ್ದರು?

ಕಾರ್ಖಾನೆಗಳು, ಶಾಲಾ ಆಡಳಿತಗಳು, ಆರೋಗ್ಯ ವಿಮೆಯವರು, ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಸಾಮಾನು ಕಳಿಸುವ ಅಂಗಡಿಗಳು. ದೊಡ್ಡ ಹೆಸರು ಅಂದರೆ ಆಸ್ಕ್ ಕಂಪನಿಯ ಮ್ಯಾನ್‌ಮ್ಯಾನ್. ಕಾರ್ಖಾನೆಯಲ್ಲಿ ಯಾವ ಭಾಗ ಎಷ್ಟು ಬೇಕು, ಯಾವಾಗ ತರಿಸಬೇಕು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್. ಕಂಪನಿ ಕಟ್ಟಿದವರು ಸ್ಯಾಂಡ್ರಾ ಕರ್ಟ್‌ಜಿಗ್, ಮನೆಯ ಒಂದು ಕೋಣೆಯಲ್ಲಿ ಶುರು ಮಾಡಿದ್ದು. ಸ್ವಂತ ಮಷೀನು ಕೊಳ್ಳಲು ದುಡ್ಡಿರಲಿಲ್ಲ. ಎಚ್‌ಪಿಯವರು ರಾತ್ರಿ ತಮ್ಮ ಮಷೀನು ಬಳಸಲು ಬಿಟ್ಟರು, ಇವರ ಹುಡುಗರು ಅಲ್ಲೇ ಮಲಗಿ ಎದ್ದು ಬರೆದರು.

ವಿಮಾನದ ಕಥೆಯೂ ಇದೆ. ಕಾಗದದ ಟಿಕೆಟ್ಟು ಇಲ್ಲದೆ ಬುಕಿಂಗ್ ಮಾಡುವ ಓಪನ್ ಸ್ಕೈಸ್ ಅನ್ನೋ ವ್ಯವಸ್ಥೆ ಓಡುತ್ತಿದ್ದದ್ದು 3000ದ ಮೇಲೆ. ಅಗ್ಗದ ದರದ ಏರ್‌ಲೈನುಗಳು ಅದನ್ನು ಹಿಡಿದವು. 1998ರಲ್ಲಿ ಎಚ್‌ಪಿ ಅದನ್ನೇ ಕೊಂಡುಕೊಂಡು, ಎರಡು ವರ್ಷದಲ್ಲಿ ನ್ಯಾವಿಟೇರ್‌ಗೆ ಮಾರಿಬಿಟ್ಟಿತು.

ಸುತ್ತ ಬೆಳೆದ ಸಣ್ಣ ಸಾಫ್ಟ್‌ವೇರ್ ಕಂಪನಿಗಳೇ ಒಂದು ಊರಿನಷ್ಟಿದ್ದವು. ಕೆನಡಾದಿಂದ ರೋಬೆಲ್, ಕಾಗ್ನೋಸ್, ಸ್ಪೀಡ್‌ವೇರ್. ಲಾಸ್ ಏಂಜಲೀಸಿನಲ್ಲಿ ವಿಇಸಾಫ್ಟ್, ಅಪ್ಪ ಮಗ ನಡೆಸುತ್ತಿದ್ದದ್ದು. ಕೀವ್‌ನಿಂದ ವಲಸೆ ಬಂದ ವ್ಲಾಡಿಮಿರ್ ವೊಲೋಖ್ ಮತ್ತು ಅವರ ಮಗ ಯೂಜೀನ್. ಮಗ ಇನ್ನೂ ಹದಿಹರೆಯದಲ್ಲಿ ಬರೆದ, ಎಂಪಿಇಯ ಆಜ್ಞೆಗಳಿಗೆ ಬಲ ಕೊಡುವ ಎಂಪಿಇಎಕ್ಸ್ ಅನ್ನೋ ಟೂಲು ಇಲ್ಲದ ಮಷೀನನ್ನು ನಾನು ನೋಡೇ ಇಲ್ಲ. ಆ ಮಗನೇ ಆಮೇಲೆ ಕಾನೂನು ಓದಿ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ಡಿಸ್ಕು ವಾಷಿಂಗ್ ಮಷೀನಿನಷ್ಟು ದೊಡ್ಡದಿತ್ತಂತೆ?

ಹೌದು, ಸುಮಾರು ಅಷ್ಟೇ. 7920 ಅನ್ನೋದರಲ್ಲಿ 50 ಎಂಬಿ, 7925ರಲ್ಲಿ 120 ಎಂಬಿ. ಮೇಲಿನ ಮುಚ್ಚಳ ತೆಗೆದು ಡಿಸ್ಕಿನ ಅಟ್ಟಿಯನ್ನೇ ಎತ್ತಿ ಬದಲಾಯಿಸುವುದು. ನನ್ನ ಕಾಲಕ್ಕೆ ಇವು ಮೂಲೆ ಸೇರಿದ್ದವು.

ಸ್ಪೆಕ್ಟ್ರಮ್ ಅಂದರೇನು? 16 ಬಿಟ್ಟಿನ ಮಷೀನು 2003ರವರೆಗೆ ಹೇಗೆ ಬಾಳಿತು?

ಇದು ಒಳ್ಳೆ ಪ್ರಶ್ನೆ, ಯಾಕೆಂದರೆ ಎಚ್‌ಪಿ ಎಂಜಿನಿಯರುಗಳ ಕೈಚಳಕ ಗೊತ್ತಾಗೋದು ಇಲ್ಲೇ. ಎಂಬತ್ತರ ದಶಕದಲ್ಲಿ 16 ಬಿಟ್ಟು ಸಾಲದಾಯಿತು. ಐಬಿಎಂನಿಂದ ಬಂದ ಜೋಯೆಲ್ ಬಿರ್ನ್‌ಬಾಮ್ ಅವರ ಮುಂದಾಳತ್ವದಲ್ಲಿ ಸ್ಪೆಕ್ಟ್ರಮ್ ಅನ್ನೋ ಪ್ರಾಜೆಕ್ಟು ನಡೆಯಿತು. ಅದರಿಂದ ಬಂದದ್ದು ಪಿಎ-ರಿಸ್ಕ್ ಅನ್ನೋ 32 ಬಿಟ್ಟಿನ ಹೊಸ ಪ್ರೊಸೆಸರು. ಒಳಗಿನ ರಚನೆ ಪೂರ್ತಿ ಬೇರೆ. ಹಳೆಯದು ಸ್ಟ್ಯಾಕ್ ಮಷೀನು, ಅಂದರೆ ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ಅಂಕಿಗಳನ್ನು ಪೇರಿಸಿ ಮೇಲಿನ ಎರಡನ್ನು ತೆಗೆದು ಕೂಡೋದು. ಹೊಸದರಲ್ಲಿ ಅದೇನೂ ಇಲ್ಲ.

ಹಾಗಾದರೆ ಗಿರಾಕಿಗಳ ಹಳೇ ಪ್ರೋಗ್ರಾಂಗಳ ಗತಿ? ಎಚ್‌ಪಿ ಹೊಸ ಎಂಪಿಇಯೊಳಗೆ ಹಳೆ ಮಷೀನಿನ ವೇಷವನ್ನೇ ಕಟ್ಟಿತು. ಕಂಪ್ಯಾಟಿಬಿಲಿಟಿ ಮೋಡ್ ಅಂತ ಹೆಸರು. ಹಳೇ ಪ್ರೋಗ್ರಾಂ ತಂದು ಹಾಕಿದರೆ, ಮತ್ತೆ ಕಂಪೈಲ್ ಮಾಡದೆ (ಮೂಲ ಕೋಡನ್ನು ಯಂತ್ರಭಾಷೆಗೆ ತಿರುಗಿಸದೆ) ಹಾಗೇ ಓಡುತ್ತಿತ್ತು. ಇನ್ನೂ ವೇಗ ಬೇಕೆಂದರೆ ಹಳೇ ಯಂತ್ರಭಾಷೆಯನ್ನು ಹೊಸದಕ್ಕೆ ತಿರುಗಿಸುವ ಟೂಲೂ ಇತ್ತು. ಎಪ್ಪತ್ತರ ದಶಕದಲ್ಲಿ ಕಂಪೈಲ್ ಆದ ಪ್ರೋಗ್ರಾಂ, ಮೂಲ ಕೋಡು ಕಳೆದುಹೋಗಿ ವರ್ಷಗಟ್ಟಲೆ ಆದ ಮೇಲೂ, ಹೊಸ ಮಷೀನಿನಲ್ಲಿ ಪ್ರತಿ ರಾತ್ರಿ ಓಡೋದನ್ನು ನಾನೇ ನೋಡಿದ್ದೇನೆ. ಅದನ್ನು ಬರೆದವರು ಯಾರು ಅಂತ ಗೊತ್ತಿದ್ದವರೂ ಆ ಕಂಪನಿಯಲ್ಲಿ ಉಳಿದಿರಲಿಲ್ಲ.

ಸಲೀಸಾಗಿ ಆಗಲಿಲ್ಲ, ಬಿಡಿ. 1986ರಲ್ಲಿ ಘೋಷಣೆ ಮಾಡಿದರು. ಹೊಸ ಎಂಪಿಇ ಎಕ್ಸ್‌ಎಲ್ ತಯಾರಾಗದೆ ಮಷೀನು ಗಿರಾಕಿಗಳ ಕೈಸೇರಲು 1987 ಮುಗಿಯುತ್ತಾ ಬಂತು. ಅದೇ ಪ್ರೊಸೆಸರಿನ ಮೇಲೆ ಯೂನಿಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿ ಎಚ್‌ಪಿ 9000 ಅಂತ ಮಾರಿದ್ದು ಮಾತ್ರ ಬೇಗ ಹೊರಟಿತು. ಒಂದೇ ಅಡಿಗೆಮನೆ, ಎರಡು ಊಟದ ಕೋಣೆ. ಮುಂದಿನ ಜಗಳಕ್ಕೆಲ್ಲ ಬೀಜ ಬಿದ್ದದ್ದು ಇಲ್ಲೇ ಅಂತ ನನ್ನ ಅನಿಸಿಕೆ.

ಬಾಸ್ಟನ್ ಗಲಾಟೆ ಅಂತ ಹಳಬರು ಹೇಳ್ತಾರಲ್ಲ, ಏನದು?

1990. ಇಮೇಜನ್ನು ಮಷೀನಿನಿಂದ ಬೇರ್ಪಡಿಸಿ, ಬೇಕಾದವರು ಬೇರೆಯಾಗಿ ಕೊಳ್ಳಲಿ ಅಂತ ಎಚ್‌ಪಿ ಯೋಚಿಸಿತು. ಇಂಟರೆಕ್ಸ್ ಅನ್ನೋ ಬಳಕೆದಾರರ ಸಂಘದ ಸಮ್ಮೇಳನ ಆ ವರ್ಷ ಬಾಸ್ಟನ್ನಿನಲ್ಲಿ. ಬಳಕೆದಾರರು ಎಚ್‌ಪಿಯ ದೊಡ್ಡವರನ್ನು ವೇದಿಕೆಯ ಮೇಲೇ ಹಿಡಿದು ನಿಲ್ಲಿಸಿ ಕೇಳಿದರು. ಟೈ ಕಟ್ಟಿದ ಲೆಕ್ಕಪತ್ರದ ಜನ ಹೀಗೆ ರೇಗಬಹುದು ಅಂತ ಯಾರೂ ಎಣಿಸಿರಲಿಲ್ಲ. ಊರು ಬಾಸ್ಟನ್ ಆದ್ದರಿಂದ ಟೀ ಪಾರ್ಟಿ ಅಂತ ಹೆಸರೂ ಬಿತ್ತು. ಕಂಪನಿ ಹಿಂದೆ ಸರಿಯಿತು. ಆಮೇಲೆ ಇಮೇಜ್‌ಗೆ ಎಸ್‌ಕ್ಯುಎಲ್ ಬಾಗಿಲನ್ನೂ ಇಟ್ಟರು.

ಯೂನಿಕ್ಸ್ ಬಂದ ಮೇಲೆ ಇದು ತಾನಾಗಿಯೇ ಸಾಯುತ್ತಿತ್ತು ಅಲ್ವಾ?

ಹಾಗೆ ಹೇಳೋರು ಬಹಳ. ನಾನು ಒಪ್ಪೋದಿಲ್ಲ. ಎಂಪಿಇ ಸುಮ್ನೆ ಕೂತಿರಲಿಲ್ಲ. 1992ರ ಸುಮಾರಿಗೆ ಎಂಪಿಇ ಐಎಕ್ಸ್ ಅಂತ ಹೆಸರು ಬದಲಾಗಿ, ಯೂನಿಕ್ಸ್ ಥರದ ಪ್ರೋಗ್ರಾಂಗಳು ಓಡಲು ಬೇಕಾದ ಪೋಸಿಕ್ಸ್ ಅನ್ನೋ ನಿಯಮಗಳ ಬೆಂಬಲ ಬಂತು. ಆಮೇಲೆ ಅಪಾಚೆ, ಸಾಂಬಾ, ಜಾವಾ ಎಲ್ಲ ಅದರಲ್ಲಿ ಓಡಿದವು. ಬದಲಾದದ್ದು ಮಾರುವವರ ಬಾಯಿ. ಹೊಸ ಗಿರಾಕಿ ಬಂದರೆ ಅಂಗಡಿಯವನೇ ಪಕ್ಕದ ಕಪಾಟಿನ ಯೂನಿಕ್ಸ್ ಮಾಲು ತೋರಿಸಿದರೆ ಈ ಕಪಾಟಿನದು ಹೇಗೆ ಖರ್ಚಾಗಬೇಕು?

1996ರಲ್ಲಿ ಅನಾಹೈಮ್‌ನಲ್ಲಿ ಸಮ್ಮೇಳನ ನಡೆದಾಗ ಬಳಕೆದಾರರೇ ಒಂದು ಪೋಸ್ಟರು ಮಾಡಿದರು, ಎಂಪಿಇ ಬಳಸುವವರನ್ನು ಹೊಗಳಿ. ತುಂಡುತುಂಡಾಗಿ ಪ್ರಿಂಟು ಹಾಕಿ ಶಾಲೆಯೊಂದರ ಫುಟ್‌ಬಾಲ್ ಮೈದಾನದಲ್ಲಿ ಹಾಸಿದರು. ಸುಮಾರು 36,000 ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹೇಳಬೇಕೆಂದರೆ 30/40 ಸೈಟುಗಳು ಮೂವತ್ತು. ತಮ್ಮ ಕಂಪ್ಯೂಟರಿಗಾಗಿ ಕಂಪನಿಯ ಕಣ್ಣು ಕುಕ್ಕುವಂತೆ ಗಿರಾಕಿಗಳೇ ಜಾಹೀರಾತು ಹಾಕಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?

ಎರಡು ಎಳೆ. ಒಂದು ನನ್ನಂಥವರದ್ದು, ಇಸವಿ 2000ದ ಕೆಲಸ. ವರ್ಷಕ್ಕೆ ಎರಡೇ ಅಂಕಿ ಇಟ್ಟ ಕೋಬಾಲ್ ಪ್ರೋಗ್ರಾಂಗಳನ್ನು ಸಾವಿರಗಟ್ಟಲೆ ತಿದ್ದಿದ್ದು. ಇನ್ನೊಂದು ಎಚ್‌ಪಿಯ ಒಳಗಿನದು. ಅವರ ಬೆಂಗಳೂರಿನ ಸಾಫ್ಟ್‌ವೇರ್ ಕೇಂದ್ರದಲ್ಲಿ ಕೊನೆಯ ವರ್ಷಗಳಲ್ಲಿ ಎಂಪಿಇಯ ಲ್ಯಾಬ್ ಕೆಲಸದ ಒಂದು ಪಾಲು ನಡೆಯುತ್ತಿತ್ತು. ಅದಕ್ಕೂ ಮೊದಲು, ಎಂಬತ್ತರ ದಶಕದಲ್ಲಿ, ನಮ್ಮ ದೇಶದಲ್ಲಿ ಎಚ್‌ಪಿ ಮಾಲು ಮಾರುತ್ತಿದ್ದವರು ಬ್ಲೂ ಸ್ಟಾರ್. ಹೌದು, ಏಸಿಯ ಬ್ಲೂ ಸ್ಟಾರೇ.

ಹೊಸ ಮಷೀನುಗಳನ್ನು ಬೇಕಂತಲೇ ನಿಧಾನ ಮಾಡಿದ್ದರು ಅನ್ನೋದು ನಿಜವಾ?

ನಿಜ. 2001ರ ಆರಂಭದಲ್ಲಿ ಎ-ಕ್ಲಾಸ್, ಎನ್-ಕ್ಲಾಸ್ ಅಂತ ಹೊಸ ಮಷೀನುಗಳು ಬಂದವು. ಎ400 ಅನ್ನೋದರಲ್ಲಿದ್ದ ಚಿಪ್ಪು 440 ಮೆಗಾಹರ್ಟ್ಸ್‌ನದು. ಆದರೆ ಎಂಪಿಇ ಓಡಿಸಿದಾಗ 110ರ ವೇಗಕ್ಕೆ ಕಟ್ಟಿ ಹಾಕಿದ್ದರು. ಅದೇ ಪೆಟ್ಟಿಗೆ ಯೂನಿಕ್ಸ್ ಹಾಕಿದರೆ ಪೂರ್ತಿ ವೇಗ. ದರದ ಪಟ್ಟಿಯಲ್ಲಿ ಮೆಟ್ಟಿಲು ಬೇಕಲ್ಲ, ಅದಕ್ಕೆ. ಎತ್ತಿಗೆ ಹೊಟ್ಟೆ ತುಂಬ ಹುಲ್ಲು ಹಾಕಿ ಕಾಲಿಗೆ ಹಗ್ಗ ಬಿಗಿದಂತೆ. ಬಳಕೆದಾರರಿಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ನಿಲ್ಲಿಸಿದ್ದು ಯಾವಾಗ? ಯಾಕೆ?

2001ರ ನವೆಂಬರ್ 14. ಎ-ಕ್ಲಾಸ್ ಬಂದು ಒಂಬತ್ತು ತಿಂಗಳೂ ಕಳೆದಿತ್ತೋ ಇಲ್ಲವೋ. 2003ರ ಅಕ್ಟೋಬರ್ 31ಕ್ಕೆ ಮಾರಾಟ ಬಂದ್, 2006ರ ಕೊನೆಗೆ ಸಪೋರ್ಟ್ ಬಂದ್ ಅಂತ ಪ್ರಕಟಣೆ. ಆಗ ಕಂಪನಿಗೆ ಕಾರ್ಲಿ ಫಿಯೊರಿನಾ ಮುಖ್ಯಸ್ಥೆ. ಕಾಂಪ್ಯಾಕ್ ಅನ್ನೋ ಇನ್ನೊಂದು ಕಂಪ್ಯೂಟರ್ ಕಂಪನಿಯ ಜೊತೆ ಸೇರುವ ಸುದ್ದಿ ಎರಡು ತಿಂಗಳ ಹಿಂದಷ್ಟೇ ಹೊರಬಿದ್ದಿತ್ತು. ಎಚ್‌ಪಿ ಕೊಟ್ಟ ಕಾರಣ, ಸುತ್ತಲಿನ ಸಾಫ್ಟ್‌ವೇರ್ ಕಂಪನಿಗಳು ಕರಗುತ್ತಿವೆ, ಈ ಸಾಲಿಗೆ ಮುಂದೆ ಬೆಳವಣಿಗೆ ಇಲ್ಲ ಅಂತ. ಮಷೀನು ಕೆಟ್ಟಿತು ಅಂತ ಯಾರೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ.

ಅಂದು ನಮ್ಮ ತಂಡಕ್ಕೆ ಸುದ್ದಿ ಬಂದದ್ದು ರಾತ್ರಿ ಪಾಳಿಯಲ್ಲಿ. ಮುಂದಿನ ಬಿಡುಗಡೆಗೆ ಮಾಡಿದ್ದ ಪಟ್ಟಿ ಗೋಡೆಯ ಬೋರ್ಡಿನ ಮೇಲೆ ಇನ್ನೂ ಇತ್ತು. ಯಾರೋ ಎದ್ದು ಹೋಗಿ ಅದರ ಕೆಳಗೆ ಬೈ ಅಂತ ಬರೆದರು. ಅಳಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಬಳಕೆದಾರರು ಸುಮ್ಮನಿದ್ದರಾ?

ಇಲ್ಲ. ಎಂಪಿಇಯ ಮೂಲ ಕೋಡನ್ನು ನಮ್ಮ ಕೈಗೆ ಕೊಡಿ ಅಂತ ಓಪನ್‌ಎಂಪಿಇ ಅನ್ನೋ ಗುಂಪು ಕಟ್ಟಿ ವರ್ಷಗಟ್ಟಲೆ ಕೇಳಿದರು. ಮಾರಾಟ ನಿಂತ 2003ರ ಅಕ್ಟೋಬರ್ 31ರಂದು ಬೇರೆ ಬೇರೆ ದೇಶಗಳಲ್ಲಿ ಒಂದೇ ದಿನ ಪಬ್ಬುಗಳಲ್ಲಿ ಸೇರಿ, ಸತ್ತವರನ್ನು ನೆನೆದು ಕುಡಿಯುವ ಅಲ್ಲಿನ ಪದ್ಧತಿಯಂತೆ ಮಷೀನಿಗೆ ಗ್ಲಾಸು ಎತ್ತಿದರು. ನಮ್ಮ ಕಡೆ ಹನ್ನೊಂದನೇ ದಿನಕ್ಕೆ ಊಟ ಹಾಕುತ್ತಾರೆ, ಅವರು ಅವತ್ತೇ ಮುಗಿಸಿದರು.

ಆದರೆ ಹೆಣವೇ ಏಳಲಿಲ್ಲ. ಸಪೋರ್ಟಿನ ಕೊನೆ ದಿನಾಂಕ 2006ರಿಂದ 2008ಕ್ಕೆ, ಅಲ್ಲಿಂದ 2010ಕ್ಕೆ ಜಾರಿತು. ಬಳಕೆದಾರರ ಸಂಘ ಇಂಟರೆಕ್ಸ್ 2005ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು, ಮಷೀನು ಓಡುತ್ತಲೇ ಇತ್ತು. ಕೊನೆಗೆ ಎಚ್‌ಪಿ ಬೆರಳೆಣಿಕೆಯ ಕಂಪನಿಗಳಿಗೆ ಮೂಲ ಕೋಡು ನೋಡಲು ಕೊಟ್ಟಿತು, ರಿಪೇರಿಗೆ ಮಾತ್ರ. ಸ್ಟ್ರೋಮಾಸಿಸ್ ಅನ್ನೋ ಸ್ವಿಸ್ ಕಂಪನಿ 2012ರಲ್ಲಿ ಎಮ್ಯುಲೇಟರ್, ಅಂದರೆ ಒಂದು ಮಷೀನನ್ನು ಇನ್ನೊಂದರಂತೆ ನಟಿಸುವ ಸಾಫ್ಟ್‌ವೇರ್, ತಂದಿತು. ಮಾಮೂಲಿ ಇಂಟೆಲ್ ಸರ್ವರಿನ ಮೇಲೆ 3000ದ ವೇಷ. ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ಓಡುವ ಹಳೇ ಪ್ರೋಗ್ರಾಂ ಅದರೊಳಗೆ ಹಾಕಿದರೆ ವೇಷದೊಳಗೆ ಇನ್ನೊಂದು ವೇಷ.

ಈ ಸಾಲಿಗೆ ಮಕ್ಕಳು ಮರಿ ಯಾರೂ ಇಲ್ವಾ?

ಇದ್ದಾರೆ, ಅದೇ ಮಜಾ. 3000ದ ಮೊದಲ ದಿನಗಳಲ್ಲಿ ಎಚ್‌ಪಿಯಲ್ಲಿದ್ದ ಜಿಮ್ಮಿ ಟ್ರೇಬಿಗ್ ಹೊರಹೋಗಿ, 1974ರಲ್ಲಿ ಟ್ಯಾಂಡೆಮ್ ಅನ್ನೋ ಕಂಪ್ಯೂಟರ್ ಕಂಪನಿ ಕಟ್ಟಿದರು. ಜೊತೆಗೆ ಕೆಲವು 3000 ಎಂಜಿನಿಯರುಗಳೂ ಹೋದರು. ಅವರ ನಾನ್‌ಸ್ಟಾಪ್ ಮಷೀನು ಕೂಡ ಶುರುವಿನಲ್ಲಿ ಸ್ಟ್ಯಾಕ್ ಮಷೀನೇ, ಮೂಗು ನೋಡಿದರೆ ಯಾರ ಮಗು ಅಂತ ಗೊತ್ತಾಗುತ್ತಿತ್ತು. ಸ್ಟ್ರಾಟಸ್ ಅನ್ನೋ ಕಂಪ್ಯೂಟರ್ ಕಂಪನಿ ಕಟ್ಟಿದ ಬಿಲ್ ಫಾಸ್ಟರ್ ಕೂಡ 3000ದ ಮನೆಯವರೇ. ಟ್ಯಾಂಡೆಮನ್ನು 1997ರಲ್ಲಿ ಕಾಂಪ್ಯಾಕ್ ಕೊಂಡಿತು. ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ಕೊಂಡಿತು. ಹಾಗೆ ಮನೆ ಬಿಟ್ಟು ಹೋದ ಮಗ ತವರಿಗೆ ವಾಪಸು ಬಂದ. ಬರುವ ಹೊತ್ತಿಗೆ ತಾಯಿಯನ್ನು ಮನೆಯಿಂದ ಹೊರಗೆ ಕಳಿಸುವ ತಯಾರಿ ನಡೆದಿತ್ತು. ನಾನ್‌ಸ್ಟಾಪ್ ಇವತ್ತಿಗೂ ಬ್ಯಾಂಕುಗಳಲ್ಲಿ ದುಡಿಯುತ್ತಿದೆ.

2027ಕ್ಕೆ ಎಂಪಿಇ ಮುಗಿಯುತ್ತೆ ಅಂತಾರೆ. ಯಾಕೆ?

ಎಪ್ಪತ್ತರ ದಶಕದಲ್ಲಿ ಮೆಮೊರಿ ಚಿನ್ನ. ಇಡೀ ದಿನಾಂಕವನ್ನು 16 ಬಿಟ್ಟಿನೊಳಗೆ ಮಡಚಿಟ್ಟರು. 9 ಬಿಟ್ಟು ವರ್ಷದ ಎಷ್ಟನೇ ದಿನ ಅನ್ನೋದಕ್ಕೆ, ಉಳಿದ 7 ಬಿಟ್ಟು 1900ರಿಂದ ಎಷ್ಟು ವರ್ಷ ಅನ್ನೋದಕ್ಕೆ. 7 ಬಿಟ್ಟಿನಲ್ಲಿ ಹೆಚ್ಚೆಂದರೆ 127. 1900ಕ್ಕೆ 127 ಕೂಡಿಸಿದರೆ 2027. ಆ ವರ್ಷದ ಡಿಸೆಂಬರ್ 31ರ ಮರುದಿನ ಮಷೀನಿಗೆ ಮತ್ತೆ 1900.

1972ರಲ್ಲಿ ಕೂತು 55 ವರ್ಷದ ಆಚೆ ಯಾರು ನೋಡ್ತಾರೆ ಅಂದುಕೊಂಡಿರಬೇಕು. ಎಚ್‌ಪಿಯೇ ಆಮೇಲೆ 32 ಬಿಟ್ಟಿನ ಹೊಸ ಕ್ಯಾಲೆಂಡರ್ ಕರೆ ಕೊಟ್ಟಿತು. ಹಳೇ ಪ್ರೋಗ್ರಾಂಗಳನ್ನು ಅದಕ್ಕೆ ಬದಲಾಯಿಸಿಕೊಂಡರೆ ಆಯಿತು. ಈ ರಿಪೇರಿಯನ್ನೇ ಮಾರುವ ಕಂಪನಿಗಳೂ ಇವೆ. ತಯಾರಿಸಿದವರು ಕೈಬಿಟ್ಟು ಇಪ್ಪತ್ತು ವರ್ಷ ದಾಟಿದ ಮೇಲೂ ಒಂದು ಕಂಪ್ಯೂಟರಿನ 2028ರ ಚಿಂತೆ ಮಾಡುವವರು ಇದ್ದಾರೆ.

ನಮ್ಮ ಹಳೇ ಗೋದಾಮಿನಲ್ಲಿ ದೊಡ್ಡ ಸುರುಳಿ ಟೇಪುಗಳು ಸಿಕ್ಕಿವೆ, ಎಚ್‌ಪಿ 3000 ಅಂತ ಬರೆದಿದೆ. ಏನು ಮಾಡಲಿ?

ಮೊದಲು ಬಿಸಿಲಿನಲ್ಲಿ ಇಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಸುರುಳಿಯ ಹಿಂಬದಿಯಲ್ಲಿ ಒಂದು ಪ್ಲಾಸ್ಟಿಕ್ ಬಳೆ ಇದೆಯಾ ನೋಡಿ. ಅದೇ ರೈಟ್ ರಿಂಗ್. ಇದ್ದರೆ ಮೆತ್ತಗೆ ಎಳೆದು ತೆಗೆಯಿರಿ, ಅದು ಇಲ್ಲದ ಟೇಪಿನ ಮೇಲೆ ಡ್ರೈವು ಬರೆಯಲಾರದು. ಹಳೇ ಟೇಪಿನ ಅಂಟು ಬಿಟ್ಟಿರಬಹುದು, ಸಿಕ್ಕ ಡ್ರೈವಿಗೆ ಹಾಕಿ ಓಡಿಸಿದರೆ ಪದರವೇ ಕಿತ್ತು ಬರುತ್ತದೆ. ಅನುಭವ ಇದ್ದವರ ಹತ್ತಿರ ಮಾತ್ರ ಓದಿಸಿ. ಟೇಪಿನ ಮೇಲಿನ ಚೀಟಿಯಲ್ಲಿ ಪೆನ್ಸಿಲ್ಲಿನಲ್ಲಿ ಏನೇ ಬರೆದಿದ್ದರೂ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಅಕೌಂಟು, ಯಾವ ತಾರೀಖು, ಯಾವ ಪಾಸ್‌ವರ್ಡು ಅಂತ ಆಪರೇಟರುಗಳು ಬರೆದಿಡುತ್ತಿದ್ದದ್ದು ಅಲ್ಲೇ.